ಎರಡನೆಯ ಸಹಿ

ತೂಕದ ಯಂತ್ರವನ್ನು ಮನೆಗೆ ತರಬಾರದಿತ್ತು. ತಂದದ್ದೇ ಎಡವಟ್ಟಾಯಿತು.

ತಂದವನು ದಶಮಾಂಶ. ಇದು ಹೆತ್ತವರು ಇಟ್ಟ ಹೆಸರಲ್ಲ. ಅಂಗಡಿಗಳ ತಕ್ಕಡಿ, ತೂಕದ ಕಲ್ಲುಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಇಪ್ಪತ್ತೇಳು ವರ್ಷ ದುಡಿದು ಅವನೇ ಸಂಪಾದಿಸಿಕೊಂಡದ್ದು. ಗಂಟೆ ಎಷ್ಟೆಂದು ಕೇಳಿದರೆ ಸೆಕೆಂಡನ್ನೂ ಸೇರಿಸಿ ಹೇಳುವ ಪ್ರಾಣಿ. ಪ್ರಯೋಗಾಲಯದಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿತ್ತು, ಅದನ್ನು ಜಾರಿಗೆ ತಂದವನೂ ಅವನೇ: ಒಬ್ಬ ಓದಿದ ಅಂಕಿ ಅಂಕಿಯೇ ಅಲ್ಲ. ಎರಡನೆಯವನು ಬಂದು, ತನ್ನ ಕಣ್ಣಿನಿಂದ ಓದಿ, ಪಕ್ಕದಲ್ಲಿ ಸಹಿ ಹಾಕಬೇಕು. ಆಮೇಲೆಯೇ ಅದಕ್ಕೆ ಬೆಲೆ. "ಕಣ್ಣು ಯಜಮಾನನಿಗೇ ಸುಳ್ಳು ಹೇಳತ್ತೆ ಕಣಯ್ಯಾ, ನಂಬಬೇಡ" ಎಂದು ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದ.

ನಾಲ್ಕು ತಿಂಗಳ ಹಿಂದೆ ಕಣ್ಣಿನ ಡಾಕ್ಟರು ಅವನಿಗೆ ನಾಲ್ಕು ಮಾತು ಹೇಳಿದ್ದರು. ಕಣ್ಣಿನ ನಡುವಿನ ನೋಟ ಸವೆಯುತ್ತಿದೆ. ವರ್ಷದೊಳಗೆ ಅಕ್ಷರ ಓದುವುದು ಕಷ್ಟವಾಗುತ್ತದೆ. ಗಾಡಿ ಓಡಿಸುವುದನ್ನು ಇವತ್ತೇ ಬಿಡಿ. ನೋಡಬೇಕೆಂದು ಇಟ್ಟುಕೊಂಡದ್ದೇನಾದರೂ ಇದ್ದರೆ ನೋಡಿಬಿಡಿ. ದಶಮಾಂಶ ಮೊದಲ ಮೂರನ್ನು ಚೀಟಿಯಲ್ಲಿ ಮಡಚಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡ, ನಾಲ್ಕನೆಯದನ್ನು ಮಾತ್ರ ತಲೆಗೆ ಹಾಕಿಕೊಂಡ.

ಐವತ್ತನಾಲ್ಕು ವರ್ಷವಾದರೂ ಅವನು ಸಮುದ್ರ ನೋಡಿರಲಿಲ್ಲ. ಸಮುದ್ರವಿದ್ದದ್ದು ನಾಲ್ಕು ದೇಶ ದಾಟಿ ಐದನೆಯದರ ಅಂಚಿನಲ್ಲಿ. ರಜೆ ಉಳಿದಿದ್ದದ್ದು ಒಂಬತ್ತು ದಿನ. ಮನೆಯಲ್ಲಿ ಹದಿನೆಂಟು ವರ್ಷದ ಮೋಟಾರ್ ಸೈಕಲ್ಲಿತ್ತು. ಅಂದೇ ಒಂದು ನೋಟ್ ಪುಸ್ತಕ ತಂದು ಗೆರೆ ಎಳೆದ. ಪ್ರತಿ ಗಡಿಯಲ್ಲಿ ಕಾಯುವುದಕ್ಕೆ ಎಪ್ಪತ್ತು ನಿಮಿಷ. ಎರಡನೆಯ ದೇಶದಲ್ಲಿ ಒಟ್ಟು ವಾಸ, ಐದು ಗಂಟೆ ಇಪ್ಪತ್ತು ನಿಮಿಷ. ಅದರಲ್ಲಿ ಆ ದೇಶವನ್ನು ಮೆಚ್ಚಿಕೊಳ್ಳುವುದಕ್ಕೆ ಹನ್ನೊಂದು. ಕೊನೆಯ ಸಾಲು: ಸಮುದ್ರ, ನಲವತ್ತು ನಿಮಿಷ. ಸೀಟಿನ ಕೆಳಗಿನ ತಗಡಿನ ಮೇಲೆ, ಗಾಡಿ ಸವಾರನೂ ಸೇರಿ ಎಷ್ಟು ಭಾರ ಹೊರಬಹುದು ಎಂದು ಎಳ್ಳುಕಾಳಿನ ಗಾತ್ರದ ಅಂಕಿಗಳಲ್ಲಿ ಒತ್ತಿದ್ದರು. ಬಗ್ಗಿ, ಕೋಳಿಯ ಹಾಗೆ ಕತ್ತು ಓರೆ ಮಾಡಿ ಅದನ್ನು ಓದಿ ಬರೆದುಕೊಂಡ: 166 ಕಿಲೋ.

ಹೊರಡುವ ಹಿಂದಿನ ದಿನ ಬೆಳಿಗ್ಗೆ, ಅಪ್ಪಣೆ ಪಡೆದು ತಂದ ತೂಕದ ಯಂತ್ರವನ್ನು ಅಂಗಳದಲ್ಲಿಟ್ಟ. ಬೆರಳುದ್ದದ ಕೆಂಪು ಅಂಕಿಗಳ ಯಂತ್ರ. ಹೆಲ್ಮೆಟ್, ಜಾಕೆಟ್, ಬೂಟು ಸಮೇತ ತಾನೇ ಹತ್ತಿ ನಿಂತ: 88.40. ಗುಡಾರ, ಸ್ಟವ್, ಪೆಟ್ರೋಲ್ ಡಬ್ಬ, ಸ್ಪ್ಯಾನರುಗಳು, ಬಟ್ಟೆ, ಎಲ್ಲ ಸೇರಿ 43.30. ಇನ್ನೂ ಮೂವತ್ತನಾಲ್ಕು ಕಿಲೋ ಮುನ್ನೂರು ಗ್ರಾಂ ಜಾಗವಿತ್ತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವನ ಮುಖದ ಮೇಲೆ ನಗೆಯಂಥದ್ದೇನೋ ಸುಳಿಯಿತು.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಅಷ್ಟೊಂದು ಜಾಗ ಉಳಿದಿದೆಯೇನ್ರೀ?"

"ಮೂವತ್ತನಾಲ್ಕು ಪಾಯಿಂಟ್ ಮೂರು" ಎಂದ ದಶಮಾಂಶ, ಊರಾಚೆ ನಾಲ್ಕು ಎಕರೆ ಕೊಂಡವನ ಗತ್ತಿನಲ್ಲಿ.

ಅವಳು ಒಳಗೆ ಹೋದಳು. ಹತ್ತು ನಿಮಿಷಕ್ಕೆ ಗೇಟು ಕಿರುಗುಟ್ಟಿತು.

ಮೊದಲು ಬಂದವನು ಪ್ರಯೋಗಾಲಯದ ಜೊತೆಗಾರ. ದಶಮಾಂಶನ ಅಂಕಿಗಳಿಗೆ ಎರಡನೆಯ ಸಹಿ ಹಾಕುವವನು. ಈ ಒಂಬತ್ತು ದಿನ ದಶಮಾಂಶನ ಕೆಲಸವನ್ನೂ ತಾನೇ ನೋಡಿಕೊಳ್ಳುವೆನೆಂದು ಬರೆದುಕೊಟ್ಟಿದ್ದವನು. ಅವನಿಗೆ ಇಲ್ಲ ಎನ್ನುವುದು ಹೇಗೆ? ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ಮುಂದಿಟ್ಟ.

"ಸಾರ್, ಮೂರನೇ ದೇಶದಲ್ಲಿ ನನ್ನ ಚಿಕ್ಕಪ್ಪ ಇದಾರೆ. ಇದೊಂದು ತಲುಪಿಸಿಬಿಟ್ರೆ ಪುಣ್ಯ ಬರುತ್ತೆ."

"ಏನಿದೆ ಇದರಲ್ಲಿ?"

"ಅದು... ಚಿಕ್ಕಪ್ಪನಿಗೆ ಬೇಕಾದ್ದು ಸಾರ್."

ಯಂತ್ರದ ಮೇಲಿಟ್ಟರೆ ಸರಿಯಾಗಿ 5.00. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. "ಆಹಾ! ಗಂಟು ಕಟ್ಟಿದ್ರೆ ಹೀಗೆ ಕಟ್ಟಬೇಕು ನೋಡು" ಎಂದು ದಶಮಾಂಶ ಬೆನ್ನು ತಟ್ಟಿದ. ಜೊತೆಗಾರನ ಮುಖ ಮಾತ್ರ ಬೆನ್ನಿಗೆ ಕೋಲಿನೇಟು ಬಿದ್ದವನಂತೆ ಆಯಿತು.

ಆಮೇಲೆ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರು ಏದುಸಿರು ಬಿಡುತ್ತ ಬಂದರು. ಐದು ದೇಶದ ವೀಸಾ ಅರ್ಜಿಗಳನ್ನೂ ಬರೆದುಕೊಟ್ಟವರು ಅವರೇ. "ಏನಪ್ಪಾ, ನಾಲ್ಕನೇ ದೇಶದಲ್ಲಿ ನಮ್ಮ ತಂಗಿ ಇದ್ದಾಳೆ. ನಾಲ್ಕು ಪುಸ್ತಕ. ವಿದ್ಯೆ ಭಾರ ಅಲ್ಲ ಅಂತಾರೆ."

ವಿದ್ಯೆ 11.60 ಕಿಲೋ ತೂಗಿತು.

ಅದನ್ನು ಬರೆದು ಮುಗಿಸುವಷ್ಟರಲ್ಲಿ ಕೆಳಮನೆಯ ಟೈಲರಮ್ಮ. ಗಾಡಿಯ ಎರಡು ಪಕ್ಕದ ಚೀಲ ಹೊಲಿದುಕೊಟ್ಟವಳು. ಅವಳು ತಬ್ಬಿಕೊಂಡು ತಂದದ್ದು ಗೋಣಿತಾಟು ಸುತ್ತಿದ ಹೊಲಿಗೆ ಯಂತ್ರ. "ಅಣ್ಣಾ, ಎರಡನೇ ದೇಶದಲ್ಲಿ ನಮ್ಮ ಅಕ್ಕನ ಮಗಳು ಹೊಲಿಗೆ ಕಲೀತಾಳಂತೆ..." ಎಂದವಳೇ ಮುಂದಿನ ಮಾತು ಮರೆತು, ಮತ್ತೆ ಬಾಗಿಲಿಗೆ ಬಂದಿದ್ದ ದಶಮಾಂಶನ ಹೆಂಡತಿಯ ಮುಖ ನೋಡಿದಳು.

"ಆಗಲಿ ತಾಯಿ, ಇಡಿ" ಎಂದ. 14.20.

ಮೂವತ್ತನಾಲ್ಕು ಪಾಯಿಂಟ್ ಮೂರು ಈಗ ಮೂರೂವರೆಗೆ ಇಳಿದಿತ್ತು. ಗೇಟಿಗೆ ಚಿಲಕ ಹಾಕಿ ಬರೋಣವೆಂದು ಎದ್ದರೆ ಹೆಂಡತಿಯ ತಮ್ಮ ಗ್ಯಾರೇಜಿನ ಮಸಿ ಕೈಯಲ್ಲೇ ಎದುರು ಬಂದ. ಗಾಡಿಯ ಎಂಜಿನ್ ಬಿಚ್ಚಿ ಮೂರು ದಿನ ಕೂತು ಸರಿಮಾಡಿದವನು.

"ಬಾವ, ಸಣ್ಣದೊಂದು ಗೇರ್ ಬಾಕ್ಸ್. ಗಡೀಲಿ ನನ್ನ ಗೆಳೆಯ ಬಂದು ಇಸ್ಕೋತಾನೆ."

"ಯಾವ ಗಡಿ?"

"ಯಾವುದು ಅನುಕೂಲವೋ ಅದೇ ಬಾವ. ಅವನು ಎಲ್ಲಾ ಕಡೆ ಇರ್ತಾನೆ."

12.10. ಮಿತಿ ದಾಟಿ ಎಂಟು ಕಿಲೋ ಆರುನೂರು ಗ್ರಾಂ.

ಬೇರೆ ಯಾರಾದರೂ ಆಗಿದ್ದರೆ ಎರಡು ಗಂಟನ್ನು ಎತ್ತಿ ಆಚೆ ಇಡುತ್ತಿದ್ದರು, ಇಲ್ಲವೇ ಮಿತಿಯನ್ನು ಗಾಳಿಗೆ ತೂರುತ್ತಿದ್ದರು. ದಶಮಾಂಶನಿಂದ ಎರಡೂ ಆಗದು. ಉಪಕಾರ ಮಾಡಿದವರಿಗೆ ಇಲ್ಲ ಎನ್ನಲು ನಾಲಗೆ ಏಳದು. ತಗಡಿನ ಮೇಲೆ ಒತ್ತಿದ ಅಂಕಿಯನ್ನು ಮೀರಿದರೆ ನಿದ್ದೆ ಹತ್ತದು. ಉಳಿದದ್ದು ಒಂದೇ ದಾರಿ. ತನ್ನ ಸಾಮಾನನ್ನೇ ಇಳಿಸತೊಡಗಿದ.

ಗುಡಾರ ಇಳಿಯಿತು. "ಮರದ ಕೆಳಗೆ ಮಲಗ್ತೀನಿ." ಸ್ಟವ್ ಇಳಿಯಿತು. "ಬಿಸಿ ಬೇಕೇ ಬೇಕು ಅಂತೇನಿಲ್ಲ." ಒಂದು ಜೊತೆ ಬಿಟ್ಟು ಬಟ್ಟೆಯೆಲ್ಲ ಇಳಿಯಿತು. ಇನ್ನೂ ಎರಡು ಕಿಲೋ ಒಂಬೈನೂರು ಹೆಚ್ಚು. ಪೆಟ್ರೋಲ್ ಡಬ್ಬ ಬಿಡುವಂತಿಲ್ಲ, ಮೂರನೆಯ ದೇಶದಲ್ಲಿ ಇನ್ನೂರನಲವತ್ತು ಕಿಲೋಮೀಟರು ಬಂಕೇ ಇಲ್ಲ. ಸ್ಪ್ಯಾನರು ಬಿಡುವಂತಿಲ್ಲ, ಗಾಡಿಗೆ ಹದಿನೆಂಟು ವರ್ಷ. ಕನ್ನಡಿಯ ಮುಂದೆ ಹೋಗಿ ನಿಂತ. ಇಪ್ಪತ್ತೈದು ವರ್ಷ ಸಾಕಿದ ಮೀಸೆಯನ್ನು ಬೋಳಿಸಿ ಬಂದು ಯಂತ್ರ ಹತ್ತಿದ.

ಯಂತ್ರ ಕಿಮ್ಮೆನ್ನಲಿಲ್ಲ. ಹತ್ತು ಗ್ರಾಮಿಗಿಂತ ಕಡಿಮೆಯದನ್ನು ಅದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

"ಬಾವ, ಮೀಸೆ ಎಲ್ಲಿ?" ಎಂದ ಬಾವಮೈದ, ಗಾಬರಿಯಾಗಿ.

"ತೂಕಕ್ಕೆ ಬರಲಿಲ್ಲ" ಎಂದ ದಶಮಾಂಶ.

ಯಾರೂ ನಗಲಿಲ್ಲ. ಹೆಡ್‌ಮಾಸ್ತರರು ಕನ್ನಡಕ ಒರೆಸಿಕೊಂಡರು, ಟೈಲರಮ್ಮ ಸೆರಗಿನ ತುದಿ ಕಚ್ಚಿದಳು. ನಾಲ್ಕು ಜನರಲ್ಲಿ ಒಬ್ಬರೂ ಮನೆಗೆ ಹೋಗಿರಲಿಲ್ಲ. ಗಂಟು ಕೊಟ್ಟವರು ಹೀಗೆ ಆಸ್ಪತ್ರೆಯ ಹೊರಗೆ ಕೂತವರಂತೆ ಜಗಲಿಯ ಮೇಲೆ ಕಾಯುವುದು ಯಾಕೆಂದು ಅವನಿಗೆ ಹೊಳೆಯಬೇಕಿತ್ತು. ಅವನು ಕೂಡುವ ಕಳೆಯುವ ಗಡಿಬಿಡಿಯಲ್ಲಿದ್ದ.

ಸಂಜೆ ಐದಕ್ಕೆ ಹೆಂಡತಿ ಕೊನೆಯ ಗಂಟು ತಂದಳು. ಬುತ್ತಿಯ ದೊಡ್ಡ ಡಬ್ಬಿ. "ಒಂಬತ್ತು ದಿನ ಹೊರಗಿನದು ತಿಂದು ಹೊಟ್ಟೆ ಕೆಡಿಸ್ಕೋಬೇಡಿ" ಎಂದು ಎರಡೂ ಕೈಯಲ್ಲಿ ಯಂತ್ರದ ಮೇಲಿಟ್ಟಳು. ಅಂಕಿ ನೋಡದೆ ಬೇರೆಲ್ಲೋ ನೋಡುತ್ತಿದ್ದಳು.

4.00.

ದಶಮಾಂಶ ಪುಸ್ತಕ ತೆರೆದ. ಒಟ್ಟು 172.90. ಮಿತಿ 166. ಕೆಳಗೆ ಎರಡು ಗೆರೆ ಎಳೆದು, ತನ್ನ ಗುಂಡು ಅಕ್ಷರದಲ್ಲಿ "ಪ್ರವಾಸ ರದ್ದು" ಎಂದು ಬರೆದ. ಸಹಿ ಹಾಕಿ, ತಾರೀಕು ಹಾಕಿ, ಹೊತ್ತನ್ನೂ ಹಾಕಿದ. ಆಮೇಲೆ ಗಾಡಿಯ ಪಕ್ಕ ನೆಲದ ಮೇಲೆ ಕೂತ. ಬೂಟು ಬಿಚ್ಚುವುದಕ್ಕೂ ಮನಸ್ಸಾಗಲಿಲ್ಲ.

ಟೈಲರಮ್ಮ ಮೆಲ್ಲನೆ ಎದ್ದು ಬಂದು ಗೋಣಿತಾಟು ಬಿಚ್ಚತೊಡಗಿದಳು.

"ಯಾಕಮ್ಮಾ?"

"ಅಲ್ಲ ಅಣ್ಣಾ, ಹೋಗೋದಿಲ್ಲ ಅಂತಾಯ್ತಲ್ಲ. ನಾಳೆ ಎಂಟು ಗಂಟೆಗೆ ಹನ್ನೆರಡು ಯೂನಿಫಾರಂ ಕೊಡಬೇಕು. ನಂಗಿರೋದು ಇದೊಂದೇ ಮೆಷಿನ್ನು."

"ನಿಮ್ಮ ಅಕ್ಕನ ಮಗಳಿಗೆ ಅಂದ್ರಲ್ಲ?"

ಟೈಲರಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ನಂಗೆ ಅಕ್ಕನೇ ಇಲ್ಲ ಅಣ್ಣಾ" ಎಂದು ಅಳುವುದಕ್ಕೇ ಶುರುಮಾಡಿದಳು.

ದಶಮಾಂಶ ಎದ್ದ. ಹೆಡ್‌ಮಾಸ್ತರರ ಗಂಟು ಬಿಚ್ಚಿದ. ಭೂಪಟದ ಹಾಳೆಗಳಲ್ಲಿ ನೀಟಾಗಿ ಸುತ್ತಿದ ನಾಲ್ಕು ಇಟ್ಟಿಗೆ. ಬಾವಮೈದನ ಗೇರ್ ಬಾಕ್ಸಿನೊಳಗೆ ಗೇರೂ ಇರಲಿಲ್ಲ, ಬರೀ ತುಕ್ಕು ಹಿಡಿದ ಗುಜರಿ. ಕೊನೆಗೆ ಜೊತೆಗಾರನ ಬಟ್ಟೆಯ ಗಂಟು ಬಿಚ್ಚಿದರೆ ಒಳಗಿಂದ ಫಳಫಳ ಹೊಳೆಯುತ್ತ ಹೊರಬಂದದ್ದು ಪ್ರಯೋಗಾಲಯದ ಐದು ಕಿಲೋ ಹಿತ್ತಾಳೆಯ ತೂಕದ ಕಲ್ಲು. ಇಪ್ಪತ್ತೇಳು ವರ್ಷ ಅದನ್ನು ಮಗುವಿನಂತೆ ಒರೆಸಿದ್ದು ಅವನೇ.

"ಐದು ಪಾಯಿಂಟ್ ಸೊನ್ನೆ ಸೊನ್ನೆ" ಎಂದ, ತನಗೆ ತಾನೇ. "ಯಾವ ಚಿಕ್ಕಪ್ಪನ ಗಂಟು ಅಷ್ಟು ಸರಿಯಾಗಿ ತೂಗುತ್ತೆ!"

"ಹೀಗೆ ಮಾಡಿ ಅಂತ ಇವರಿಗೆಲ್ಲ ನಾನೇ ಹೇಳಿದ್ದು" ಎಂದಳು ಹೆಂಡತಿ. "ಪ್ಯಾಂಟು ಒಗೆಯುವಾಗ ಜೇಬಲ್ಲಿ ಡಾಕ್ಟರ ಚೀಟಿ ಸಿಕ್ತು. ಬೇಡ ಅಂದಿದ್ರೆ ನೀವು ಕೇಳ್ತಿದ್ರಾ? ಜನ ಹೇಳಿದ್ದು ನೀವು ಯಾವತ್ತು ಕೇಳಿದೀರಿ? ಅಂಕಿ ಹೇಳಿದ್ರೆ ಮಾತ್ರ ಕೇಳ್ತೀರಿ."

"ಡಬ್ಬಿಲೂ ಇಟ್ಟಿಗೇನಾ?"

"ಅದು ಊಟಾನೇ. ಇಟ್ಟಿಗೆ ಹಾಕೋಕೆ ಕೈ ಬರಲಿಲ್ಲ."

ದಶಮಾಂಶನ ಕಿವಿ ಕೆಂಪಾಯಿತು. "ನನ್ನ ಕಣ್ಣಿಗೇನಾಗಿದೆ? ಮಿಲಿಗ್ರಾಂ ಓದೋ ಕಣ್ಣು ಇದು! ಮಣ್ಣು ಗುಜರಿ ಹೊರಿಸಿ ನನಗೆ ಮೋಸ ಮಾಡ್ತೀರಾ? ಎಲ್ಲ ತೆಗೀರಿ. ಗುಡಾರ ತನ್ನಿ, ಸ್ಟವ್ ತನ್ನಿ. ನಾಳೆ ಬೆಳಿಗ್ಗೆ ನಾಲ್ಕು ನಲವತ್ತಕ್ಕೆ ಹೊರಟೆ!" ಪುಸ್ತಕವನ್ನು ಜೊತೆಗಾರನ ಎದೆಗೆ ಒತ್ತಿದ. "ತಗೋ. ನಿಯಮ ನಿಯಮವೇ. ಒಂದೊಂದು ಸಾಲೂ ಓದಿ ನೋಡಿ ಎರಡನೇ ಸಹಿ ಹಾಕು. ಆಮೇಲೆ ಯಾರಾದ್ರೂ ಕಣ್ಣಿನ ಮಾತೆತ್ತಲಿ, ನೋಡ್ತೀನಿ."

ಜೊತೆಗಾರ ದಶಮಾಂಶನ ಹೆಂಡತಿಯ ಮುಖ ನೋಡಿದ. ಅವಳು ಸುಮ್ಮನೆ ತಲೆಯಾಡಿಸಿದಳು. ಪಾಪ, ಅವಳ ಬತ್ತಳಿಕೆ ಬರಿದಾಗಿತ್ತು. ಜೊತೆಗಾರ ಸೀಟು ಎತ್ತಿ, ಮಂಡಿಯೂರಿ ತಗಡಿನ ಧೂಳು ಒರೆಸಿದ. ಒಂದು ಸಲ ಓದಿದ. ಪುಸ್ತಕ ನೋಡಿದ. ಮತ್ತೊಂದು ಸಲ ಓದಿದ.

"ಸಾರ್... ಇಲ್ಲಿ ನೂರಾ ಎಂಬತ್ತಾರು ಅಂತಿದೆ."

"ಅರವತ್ತಾರು."

"ಎಂಬತ್ತಾರು ಸಾರ್."

ಹೆಡ್‌ಮಾಸ್ತರರು ಬಗ್ಗಿ ನೋಡಿದರು. ಬಾವಮೈದ ನೋಡಿದ. ಎಲ್ಲರಿಗೂ ಎಂಬತ್ತಾರೇ ಕಂಡಿತು. ಬಾವಮೈದ ಬೆರಳು ಮಡಚಿ ಕೂಡಿದ: "ಅಂದ್ರೆ ನಮ್ಮ ಇಟ್ಟಿಗೆ, ಗುಜರಿ, ಮೆಷಿನ್ನು, ಅಕ್ಕನ ಡಬ್ಬಿ, ಎಲ್ಲ ಹೇರಿದ್ರೂ... ಗುಡಾರಾನೂ ಇಳಿಸ್ಬೇಕಿರಲಿಲ್ಲ ಬಾವ. ಇನ್ನೂ ಏಳು ಕಿಲೋ ಜಾಗ ಇತ್ತು. ಮೀಸೇನೂ..." ಎಂದವನು ಅಕ್ಕನ ಕಣ್ಣು ಕಂಡು ನಿಲ್ಲಿಸಿದ.

ಊರೆಲ್ಲ ಸೇರಿ ಹೂಡಿದ ಹುನ್ನಾರ ಏಳು ಕಿಲೋ ಕಡಿಮೆ ಬಿದ್ದಿತ್ತು. ಪ್ರವಾಸವನ್ನು ರದ್ದು ಮಾಡಿದ್ದು ಅವರಲ್ಲ.

ದಶಮಾಂಶ ಮತ್ತೆ ಗಾಡಿಯ ಪಕ್ಕ ಕೂತ. ಕೂತಲ್ಲಿಂದಲೇ ಕೈಚಾಚಿ ತಗಡಿನ ಮೇಲೆ ಉಗುರು ಆಡಿಸಿದ. ಒತ್ತಿದ ಅಂಕಿ ಉಗುರಿಗೆ ಸಿಕ್ಕಿತು. ಒಂದರ ಮೇಲೊಂದು ಕೂತ ಎರಡು ಪುಟ್ಟ ಸುತ್ತು. ಅದರ ಪಕ್ಕದ್ದಕ್ಕೆ ಒಂದೇ ಸುತ್ತು. ಮತ್ತೆ ಹಿಂದಕ್ಕೆ ಬಂದ. ಎರಡು ಸುತ್ತು.

"ಲ್ಯಾಬಲ್ಲೂ ಹೀಗೇನಾ?" ಎಂದ.

ಜೊತೆಗಾರ ನೆಲ ನೋಡಿದ. "ಮೂರು ತಿಂಗಳಿಂದ ಸಾರ್. ನೀವು ಹೋದ ಮೇಲೆ ತಿದ್ದಿ ಬರೀತಿದ್ದೆ."

"ತಿದ್ದುವಾಗ ಹಳೇದು ಕಾಣೋ ಹಾಗೆ ಒಂದೇ ಗೆರೆ ಎಳೆದ್ಯಾ?"

"ಎಳೆದೆ ಸಾರ್."

"ಹಾಗೇ ಮಾಡಬೇಕು" ಎಂದ ದಶಮಾಂಶ. ಪುಸ್ತಕ ತೊಡೆಯ ಮೇಲಿಟ್ಟು, ಕತ್ತು ಓರೆ ಮಾಡಿ, 166ರ ಮೇಲೆ ಒಂದೇ ಗೆರೆ ಎಳೆದ. ಮೇಲೆ 186 ಎಂದು ಬರೆದ. ಸಹಿ ಮಾಡಿ ಪುಸ್ತಕ ಹಿಂದಕ್ಕೆ ಕೊಟ್ಟ. "ಉಳಿದದ್ದೂ ಮುಗಿಸು. ಅರ್ಧಕ್ಕೆ ಬಿಡಬಾರದು."

ಟೈಲರಮ್ಮ ಹೊಲಿಗೆ ಯಂತ್ರ ತಬ್ಬಿಕೊಂಡು ಕೆಳಗಿಳಿದಳು. ಹೆಡ್‌ಮಾಸ್ತರರು ಇಟ್ಟಿಗೆ ಬಿಟ್ಟು ಭೂಪಟ ಮಾತ್ರ ಮಡಚಿಕೊಂಡರು. ಜಗಲಿಯ ಮೇಲೆ ಜೊತೆಗಾರ ಒಂದೊಂದೇ ಸಾಲಿಗೆ ಸಹಿ ಹಾಕುತ್ತ ಬಂದ. ಪೆಟ್ರೋಲು, ಸರಿ. ಗಡಿಗಳು, ಸರಿ. ದಾರಿಯ ಅಳತೆ ನಕ್ಷೆಗೆ ಹೊಂದುತ್ತದೆ, ಸರಿ. ಕೊನೆಯ ಸಾಲಿಗೆ ಬಂದು ಪೆನ್ನು ನಿಂತಿತು.

"ಸಾರ್, ಇದೊಂದು... 'ಸಮುದ್ರ, ನಲವತ್ತು ನಿಮಿಷ'. ಸಮುದ್ರಾನ ನಾನೂ ನೋಡಿಲ್ಲ. ನೋಡದೇ ಇದ್ದದ್ದಕ್ಕೆ ಸಹಿ ಹೇಗೆ ಹಾಕಲಿ?"

ದಶಮಾಂಶ ಬೂಟಿನ ದಾರ ಬಿಚ್ಚುತ್ತಿದ್ದ. ಗಂಟು ಕಣ್ಣಿಗೆ ಸಿಗದೆ ಬೆರಳಲ್ಲಿ ಹುಡುಕುತ್ತಿದ್ದ.

"ಹಾಕಬೇಡ" ಎಂದ. "ಖಾಲಿ ಇರಲಿ."