ಬದರಿನಾಥರ ಮೂರು ತುಂಡಿನ ಡ್ರಮ್ ಸೆಟ್ಟು

ಟೆಂಪೋದಿಂದ ಐದು ಡ್ರಮ್ಮು, ಮೂರು ಹಿತ್ತಾಳೆ ತಟ್ಟೆ, ಒಂದು ಹೊರೆ ಕಬ್ಬಿಣದ ಸ್ಟ್ಯಾಂಡು ಇಳಿಯುವುದನ್ನು ಕಂಡು ಪಂಕಜಮ್ಮ ಗೇಟಿನ ಹತ್ತಿರ ಬಂದು ಡ್ರೈವರಿಗೆ ಬಹಳ ಮರ್ಯಾದೆಯಿಂದ ಹೇಳಿದರು: "ಮದುವೆ ಮನೆ ಇದಲ್ಲಪ್ಪ. ಹಿಂದಿನ ಕ್ರಾಸು."

"ಇದೇ ಕಣೇ. ನಮ್ದೇ ಸಾಮಾನು," ಎನ್ನುತ್ತ ಟೆಂಪೋದ ಮುಂದಿನ ಸೀಟಿನಿಂದ ಬದರಿನಾಥರು ಇಳಿದರು.

ಪಂಕಜಮ್ಮ ಒಮ್ಮೆ ಸಾಮಾನು ನೋಡಿದರು, ಒಮ್ಮೆ ಗಂಡನನ್ನು ನೋಡಿದರು. ಎರಡರಲ್ಲಿ ಯಾವುದನ್ನು ವಾಪಸ್ಸು ಕಳಿಸುವುದು ಸುಲಭ ಎಂದು ಲೆಕ್ಕ ಹಾಕಿದಂತಿತ್ತು. ಟೆಂಪೋದವನು ಅಷ್ಟರಲ್ಲಿ ಬಾಡಿಗೆ ಇಸಕೊಂಡು ಹೊರಟೇಬಿಟ್ಟಿದ್ದ.

ಬದರಿನಾಥರು ಬ್ಯಾಂಕಿನಿಂದ ವಿ.ಆರ್.ಎಸ್. ತೆಗೆದುಕೊಂಡು ಮನೆಯಲ್ಲಿ ಕೂತಿದ್ದ ವರ್ಷ ಅದು. ಆ ವರ್ಷ ಜೆ.ಪಿ. ನಗರದಲ್ಲಿ ಯಾವ ಕಲ್ಲು ಎತ್ತಿದರೂ ಕೆಳಗೊಬ್ಬ ವಿ.ಆರ್.ಎಸ್. ಗಿರಾಕಿ ಸಿಗುತ್ತಿದ್ದ. ಕೆಲವರು ಶೇರು ಹಿಡಿದರು, ಕೆಲವರು ಯೋಗ ಹಿಡಿದರು. ಬದರಿನಾಥರು ಕಾಲೇಜಿನ ಕಾಲದಿಂದ ಒಳಗೇ ಅದುಮಿಟ್ಟಿದ್ದ ಆಸೆಯನ್ನು ಹಿಡಿದರು. ಬಸವನಗುಡಿಯ ಅವರ ತಂದೆ, "ಮೃದಂಗ ಕಲಿ, ಬೇಡ ಅನ್ನಲ್ಲ. ಕಾಲಲ್ಲಿ ಒದ್ದು ನುಡಿಸೋ ವಾದ್ಯ ನಮ್ಮ ಮನೆಗೆ ಬೇಡ," ಎಂದು ಆ ಆಸೆಗೆ ಅಂದೇ ಬೀಗ ಜಡಿದಿದ್ದರು. ಈಗ ತಂದೆಯಿಲ್ಲ. ಬೀಗದ ಕೈ ಪಂಕಜಮ್ಮನ ಹತ್ತಿರವಿದೆ ಎಂಬುದು ಮಾತ್ರ ಅವರಿಗೆ ಹೊಳೆದಿರಲಿಲ್ಲ.

"ಮೂರೇ ಮೂರು," ಎಂದರು ಪಂಕಜಮ್ಮ. "ಗ್ಯಾರೇಜಲ್ಲಿ ಸ್ಕೂಟರಿನ ಪಕ್ಕ ಹಿಡಿಸೋದು ಅಷ್ಟೇ. ಮಿಕ್ಕಿದ್ದು ಮನೆಗೆ."

ಮನೆಗೆ ಎಂದರೆ ಮನೆಗೇ. ಅತಿ ದೊಡ್ಡ ಹಿತ್ತಾಳೆ ತಟ್ಟೆ ಮಹಡಿಯ ಮೇಲೆ ಸಂಡಿಗೆ ಒಣಗಿಸಲು ಹೋಯಿತು. (ಸಂಡಿಗೆ ಆ ವರ್ಷ ಬಹಳ ಚೆನ್ನಾಗಿ ಒಣಗಿತು ಎಂಬುದನ್ನು ಬದರಿನಾಥರೂ ಒಪ್ಪುತ್ತಾರೆ.) ಮೂರು ಕಾಲಿನ ಡ್ರಮ್ಮಿನ ಮೇಲೆ ಟೆಲಿಫೋನ್ ಕೂತಿತು. ಫೋನು ರಿಂಗಾದಾಗಲೆಲ್ಲ ಡ್ರಮ್ಮು ಒಳಗಿನಿಂದ ಗುಂಯ್ ಎನ್ನುತ್ತಿತ್ತು, ಅದೊಂದೇ ಅದರ ಪಾಲಿಗೆ ಉಳಿದ ಸಂಗೀತ. ಇನ್ನೆರಡು ಡ್ರಮ್ಮು ಅಡುಗೆಮನೆಯಲ್ಲಿ ಸ್ಟೂಲುಗಳಾದವು. ಸ್ಟ್ಯಾಂಡುಗಳಿಗೆ ಮಲ್ಲಿಗೆ ಬಳ್ಳಿ ಹಬ್ಬಿತು. ಕೊನೆಗೆ ಬದರಿನಾಥರ ಪಾಲಿಗೆ ಬಂದದ್ದು ಕಾಲಲ್ಲಿ ಒದೆಯುವ ದೊಡ್ಡ ಡ್ರಮ್ಮು, ಕಡ್ಡಿಯಲ್ಲಿ ಬಾರಿಸುವ ಚಿಕ್ಕ ಡ್ರಮ್ಮು, ಒಂದರ ಮೇಲೊಂದು ಕವುಚಿಕೊಂಡ ಒಂದು ಜೋಡಿ ತಟ್ಟೆ.

ಅದಕ್ಕೂ ನಿಬಂಧನೆಗಳಿದ್ದವು. ದೊಡ್ಡ ಡ್ರಮ್ಮು ಧಿಂ ಎಂದರೆ ಪಂಕಜಮ್ಮನ ಎದೆ ಅದುರುತ್ತಿತ್ತು, ಹಾಗಾಗಿ ಅದರೊಳಗೆ ಹಳೆಯ ಕಂಬಳಿ ತುಂಬಿಸಲಾಯಿತು. ಚಿಕ್ಕ ಡ್ರಮ್ಮಿನ ತಳದಲ್ಲಿ ಚರ್ ಚರ್ ಎನ್ನುವ ತಂತಿಗಳಿರುತ್ತವೆ. ಅದರಿಂದ ಆಕೆಗೆ ತಲೆನೋವು. ತಂತಿ ಸಡಿಲಿಸಲಾಯಿತು. ಈಗ ದೊಡ್ಡದು ದಬ್ ಎನ್ನುತ್ತಿತ್ತು, ಚಿಕ್ಕದು ಡಣ್ ಎನ್ನುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಅಳುತ್ತಿದ್ದರು. ಬದರಿನಾಥರು ಇದನ್ನೇ ಒಂದು ಸಿದ್ಧಾಂತ ಮಾಡಿಕೊಂಡರು. ಸಾಮಾನು ಕಡಿಮೆಯಿದ್ದಷ್ಟೂ ಕಲ್ಪನೆ ಜಾಸ್ತಿ ಬೇಕು ಎಂದು ಪಾರ್ಕಿನಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಚಿಕ್ಕ ಡ್ರಮ್ಮಿನ ಚರ್ಮದ ಮೇಲೆ ಮೊಣಕೈ ಒತ್ತಿ ದನಿ ಏರಿಸಿದರು, ಇಳಿಸಿದರು. ಅಂಚಿಗೆ ಕಡ್ಡಿ ತಾಗಿಸಿ ಟಿಕ್ ಎನಿಸಿದರು. ಜೋಡಿ ತಟ್ಟೆಗೆ ಬೀರುವಿನ ಕೀಲಿ ಗೊಂಚಲು ನೇತುಹಾಕಿ ಗೆಜ್ಜೆಯ ನಾದ ತೆಗೆದರು. (ಬೀರು ತೆಗೆಯಬೇಕಾದಾಗಲೆಲ್ಲ ಪಂಕಜಮ್ಮ ಗ್ಯಾರೇಜಿಗೆ ಬರಬೇಕಾಗುತ್ತಿತ್ತು. ಆಗ ಆಡಿದ ಮಾತುಗಳಿಗೆ ಇಲ್ಲಿ ಸ್ಥಳವಿಲ್ಲ.) ಕೆಲವೊಮ್ಮೆ ಸ್ಕೂಟರಿನ ಸ್ಟೆಪ್ನಿಯೂ ಪಕ್ಕವಾದ್ಯವಾಗುತ್ತಿತ್ತು.

ಇಷ್ಟೆಲ್ಲ ಯಾತಕ್ಕೆಂದರೆ, ಬಡಾವಣೆಯ ಸಂಘದವರು ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಇಟ್ಟುಕೊಂಡಿದ್ದರು. ಅದರಲ್ಲಿ 'ಸ್ಥಳೀಯ ಪ್ರತಿಭೆ' ಎಂದು ಒಬ್ಬರಿಗೆ ಹತ್ತು ನಿಮಿಷ. ಬದರಿನಾಥರಿಗೆ ಆ ಹತ್ತು ನಿಮಿಷ ಬೇಕಿತ್ತು. ಬ್ಯಾಂಕಿನಲ್ಲಿದ್ದಾಗ ಅವರು ಮ್ಯಾನೇಜರ್ ಸಾಹೇಬರು. ಈಗ ಹಾಲಿನ ಬೂತಿನಲ್ಲೂ ಅಂಕಲ್, ಮನೆಯಲ್ಲಿ ಬರೀ 'ರೀ'. ಮೈಕಿನಲ್ಲಿ ಒಂದು ಸಲ ತಮ್ಮ ಹೆಸರು ಪೂರ್ತಿಯಾಗಿ ಕೇಳಬೇಕು, ಅದನ್ನು ಪಂಕಜಮ್ಮ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ಕೇಳಬೇಕು ಎಂಬ ಆಸೆ ಅವರನ್ನು ಹಿಂಡುತ್ತಿತ್ತು. ಸಂಘದ ಕಾರ್ಯದರ್ಶಿ ಹಯವದನ ರಾಯರು, "ಭಾನುವಾರ ಹತ್ತು ಗಂಟೆಗೆ ಬರ್ತೀನಿ, ಒಂದ್ಸಲ ಕೇಳ್ಬಿಡ್ತೀನಿ, ಆಮೇಲೆ ಹೇಳ್ತೀನಿ," ಎಂದಿದ್ದರು.

ಭಾನುವಾರಕ್ಕೆಂದು ಬದರಿನಾಥರು ಒಂದು ಹೊಸ ತಾಳವನ್ನೇ ಹುಟ್ಟಿಸಿದ್ದರು. ಯಾರೂ ಕಲಿಸಿದ್ದಲ್ಲ, ಎಲ್ಲೂ ಕದ್ದದ್ದಲ್ಲ. ಒಂದು ದಿನ ಕಾಫಿ ಕುಡಿಯುತ್ತ ಕೂತಿದ್ದಾಗ ಬೆರಳುಗಳು ತಾವಾಗಿಯೇ ಮೇಜಿನ ಮೇಲೆ ಹಿಡಿದದ್ದು. ಡಂಡ್ ಡಕಣ, ಡಂಡ್ ಡಕಣ, ಆಮೇಲೊಂದು ದಬ್. ಒಳಗೆಲ್ಲೋ ಬಹಳ ಆಳದಿಂದ ಬರುತ್ತಿದೆ ಎಂದು ಅವರಿಗೆ ಅನ್ನಿಸಿತ್ತು. ಪಂಕಜಮ್ಮನಿಗೆ ಆಶ್ಚರ್ಯವಾಗಲಿ ಎಂದು ಅಲ್ಲಿಯವರೆಗೆ ತೊಡೆಯ ಮೇಲಷ್ಟೇ ಅಭ್ಯಾಸ ಮಾಡಿದ್ದರು.

ಭಾನುವಾರ ಬೆಳಿಗ್ಗೆ ಪಂಕಜಮ್ಮ ಎರಡು ಚೀಲ ಹಿಡಿದು ಸಾರಕ್ಕಿ ಮಾರ್ಕೆಟ್ಟಿಗೆ ಹೊರಟರು. ಹೊರಡುವಾಗ, "ಆ ದರಿದ್ರ ಡಬ್ಬಗಳ ಮುಂದೆ ಕೂತು ಹಾಲು ಉಕ್ಕಿಸ್ಬೇಡಿ," ಎಂದರು. ಬದರಿನಾಥರು ಹಾಲು ಇಳಿಸಿ, ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ಕಲಾವಿದರಿಗೆ ಶರ್ಟು ಅಡ್ಡಿ ಎಂದು ಬರೀ ಶಲ್ಯ ಹೊದ್ದು, ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದರು. ರಾಯರು ಬರುವ ಮೊದಲು ಕೈ ಪಳಗಲಿ ಎಂದು ಶುರು ಹಚ್ಚಿಕೊಂಡರು.

ಅವರ ಮನೆ ಜೆ.ಪಿ. ನಗರ ಮುಗಿದು ಜರಗನಹಳ್ಳಿ ಶುರುವಾಗುವ ಕಡೆ. ಎದುರು ಮನೆ ಪಿಳ್ಳಣ್ಣನದು. ಆ ಸೈಟುಗಳೆಲ್ಲ ಹೊಲವಾಗಿದ್ದಾಗ ಉತ್ತವನು ಅವನೇ. ಈಗ ಎಂಬತ್ತು ದಾಟಿ, ಮೂರು ಮನೆ ಬಾಡಿಗೆಗೆ ಕೊಟ್ಟುಕೊಂಡು, ಜಗಲಿಯ ಮೇಲೆ ಕೂತು ಬೀದಿಯ ಆಗುಹೋಗು ವಿಚಾರಿಸುತ್ತಿದ್ದ. ಡ್ರಮ್ಮಿನ ಸದ್ದು ಕಿವಿಗೆ ಬಿದ್ದದ್ದೇ ಅವನು ಹೆಗಲ ಟವೆಲ್ಲು ಕೈಗೆ ತೆಗೆದುಕೊಂಡು ಎದ್ದು ನಿಂತ.

ಬದರಿನಾಥರು ಕಣ್ಣು ಮುಚ್ಚಿ ನುಡಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಅರ್ಧ ಕಣ್ಣು ತೆರೆದು ನೋಡುತ್ತಾರೆ, ಗೇಟಿನಾಚೆ ಚಪ್ಪಲಿಗಳ ಸಾಲು. ಕಾಂಪೌಂಡಿನ ಒಳಗೆ ಗಂಡಸರು ತಲೆ ತಗ್ಗಿಸಿ ಕೂತಿದ್ದಾರೆ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಾರೆ. ಕಚೇರಿಗಳಲ್ಲಿ ಕೂಡ ಕೆಮ್ಮುವವರಿರುತ್ತಾರೆ, ಇಲ್ಲಿ ಒಬ್ಬರೂ ಕೆಮ್ಮಲಿಲ್ಲ. ಕರೆಯದೆಯೇ ಬಂದ ಶ್ರೋತೃವೃಂದ. ಬದರಿನಾಥರಿಗೆ ಸಂತೋಷದಿಂದ ಕಣ್ಣೀರು ಬಂತು. ಅವರ ಕಣ್ಣೀರು ಕಂಡು ಜನ ಇನ್ನಷ್ಟು ಅತ್ತರು. ಜನ ಅತ್ತದ್ದು ಕಂಡು ಅವರು ಮೊಣಕೈ ಪ್ರಯೋಗಕ್ಕಿಳಿದರು.

"ಸಾಕು ಬುಡಿ ಸಾಮಿ, ಕೈ ನೋಯಿಸ್ಕೋಬೇಡಿ," ಎಂದ ಪಿಳ್ಳಣ್ಣ, ಟವೆಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತ.

"ಇಲ್ಲ ಪಿಳ್ಳಣ್ಣ. ಎಷ್ಟು ವರ್ಷದಿಂದ ಒಳಗೇ ಇಟ್ಕೊಂಡಿದ್ದೆ. ಇವತ್ತು ಹೊರಗೆ ಬರ್ತಿದೆ, ಬರ್ಲಿ."

"ಅಷ್ಟು ವರ್ಷದ ಸಂಸಾರ ಅಲ್ವಾ ಮಾವ, ಸಂಕಟ ಆಗ್ದೆ ಇರ್ತದಾ," ಎಂದು ಪಿಳ್ಳಣ್ಣನ ಸೊಸೆ ಮುನಿಲಕ್ಷ್ಮಮ್ಮ ಮೂಗು ಸೀಟಿಕೊಂಡಳು.

ಸಂಸಾರದಿಂದಾಗಿಯೇ ತಮ್ಮ ಕಲೆ ಇಷ್ಟು ವರ್ಷ ಒಳಗೆ ಕೊಳೆಯಿತೆಂಬ ಸತ್ಯ ಈ ಹೆಂಗಸಿಗೆ ಹೇಗೆ ಹೊಳೆಯಿತು ಎಂದು ಬದರಿನಾಥರಿಗೆ ಸೋಜಿಗವಾಯಿತು. ಅವಳತ್ತ ಕೃತಜ್ಞತೆಯಿಂದ ತಲೆ ಆಡಿಸಿದರು.

"ಮಗಳಿಗೆ ಹೇಳಿ ಕಳ್ಸಿದ್ರಾ ಸಾಮಿ?" ಎಂದ ಪಿಳ್ಳಣ್ಣ.

"ಪುಣೆಯಲ್ಲಿದ್ದಾಳಲ್ಲ. ಈಗ್ಲೇ ಬೇಡ, ಎಲ್ಲಾ ಮುಗಿದ್ಮೇಲೆ ಹೇಳೋಣ ಅಂತ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದುಃಖದಲ್ಲಿ ಮನುಷ್ಯನಿಗೆ ಬುದ್ಧಿ ಸ್ತಿಮಿತದಲ್ಲಿ ಇರುವುದಿಲ್ಲ ಎಂದು ಯಾರೋ ಪಿಸುಗುಟ್ಟಿದರು. ಬದರಿನಾಥರಿಗೂ ಕೊಂಚ ಗೊಂದಲವಾಯಿತು. ಆದರೆ ಅಷ್ಟರಲ್ಲಿ ಹಯವದನ ರಾಯರು ಸ್ಕೂಟರನ್ನು ದೂರದಲ್ಲೇ ನಿಲ್ಲಿಸಿ, ಚಪ್ಪಲಿ ಬಿಟ್ಟು, ಕೈ ಮುಗಿದುಕೊಂಡೇ ಒಳಗೆ ಬಂದರು. ಕಾರ್ಯದರ್ಶಿಗಳೇ ಕೈ ಮುಗಿದ ಮೇಲೆ ಇನ್ನೇನು ಬೇಕು. ಬದರಿನಾಥರು ಸ್ಟೆಪ್ನಿಗೂ ಎರಡು ಬಾರಿಸಿ ತಾಳವನ್ನು ದುಪ್ಪಟ್ಟು ವೇಗಕ್ಕೆ ಏರಿಸಿದರು.

ಆ ಹೊತ್ತಿಗೆ ಪಂಕಜಮ್ಮ ಬೀದಿಯ ತಿರುವಿನಲ್ಲಿ ಆಟೋದಿಂದ ಇಳಿದರು. ಆ ಬಡಿತ ಆಕೆಯ ಕಿವಿಗೆ ಬಿತ್ತು. ಯಾರ ಮನೆಯಲ್ಲೋ ಪಾಪ ಎಂದುಕೊಳ್ಳುತ್ತ ನಾಲ್ಕು ಹೆಜ್ಜೆ ಇಟ್ಟರೆ ಚಪ್ಪಲಿಗಳ ಸಾಲು ತಮ್ಮದೇ ಗೇಟಿನ ಮುಂದೆ. ಮನೆಯಲ್ಲಿ ಬಿಟ್ಟುಬಂದದ್ದು ಒಂದೇ ಜೀವ. ಚೀಲಗಳು ಕೈಯಿಂದ ಜಾರಿದವು, ಟೊಮೇಟೊ ಬೀದಿಯಿಡೀ ಉರುಳಿತು. "ನಾನು ಬೈದು ಹೋದ್ನಲ್ಲಪ್ಪಾ, ಹೋಗೋವಾಗ್ಲೂ ಬೈದು ಹೋದ್ನಲ್ಲ," ಎಂದು ಎದೆ ಹಿಡಿದುಕೊಂಡು ಓಡಿ ಬಂದರು.

ಆಕೆಯನ್ನು ಮೊದಲು ಕಂಡವಳು ಮುನಿಲಕ್ಷ್ಮಮ್ಮ. "ಅಯ್ಯಯ್ಯೋ" ಎಂದು ಅವಳು ಮಾವನ ಬೆನ್ನ ಹಿಂದೆ ಸೇರಿಕೊಂಡಳು. ಕೂತ ಗಂಡಸರು ದಡಬಡಿಸಿ ಎದ್ದರು. ಹಯವದನ ರಾಯರು ಮುಗಿದ ಕೈಯನ್ನು ಬಿಡಿಸುವುದನ್ನೇ ಮರೆತರು. ಜನ ಎರಡು ಪಾಲಾಗಿ ಬಿಟ್ಟ ದಾರಿಯ ಕೊನೆಯಲ್ಲಿ ಪಂಕಜಮ್ಮನಿಗೆ ಕಂಡದ್ದು ಬಿಳಿ ಪಂಚೆಯ ಗಂಡ, ಕೈಯಲ್ಲಿ ಎರಡು ಕಡ್ಡಿ, ಜೀವಂತ. ಆ ಕ್ಷಣದಲ್ಲಿ ಆಕೆಗೆ ಗಂಡನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಮದುವೆಯಾದ ಹೊಸತರಲ್ಲೂ ಅಷ್ಟು ಬಂದಿರಲಿಲ್ಲ. ಅದು ಮುಂದಿನ ಕ್ಷಣದವರೆಗೆ ಇತ್ತು.

"ಯಾರ್ರೀ?" ಎಂದರು.

"ಯಾರು ಅಂದ್ರೆ? ಎಲ್ಲಾ ನಮ್ಮ ರೋಡಿನವರೇ. ಕೇಳಕ್ಕೆ ಬಂದಿದ್ದಾರೆ."

"ಕೇಳಕ್ಕೆ ಬಂದೋರು ಹಾರ ಯಾಕ್ರೀ ತಂದಿದ್ದಾರೆ?"

ಆಗಲೇ ಬದರಿನಾಥರ ಕಣ್ಣಿಗೆ ಬಿದ್ದದ್ದು, ಪಿಳ್ಳಣ್ಣನ ಕೈಯಲ್ಲಿದ್ದ, ತೋಳಿನಷ್ಟು ದಪ್ಪದ ಸೇವಂತಿಗೆ ಹಾರ. "ಸನ್ಮಾನಕ್ಕೆ," ಎಂದು ಎದ್ದು ನಿಂತು, ನಾಚಿಕೊಳ್ಳುತ್ತ, ಕೊರಳು ಬಗ್ಗಿಸಿದರು.

ಪಿಳ್ಳಣ್ಣ ಹಾರವನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡ. "ಬ್ಯಾಡಿ ಸಾಮಿ, ಬದುಕಿರೋರ ಮೇಲೆ ಹಾಕಂಗಿಲ್ಲ ಇದ್ನ. ಇದು... ಅಮ್ಮಾವ್ರಿಗೆ ಅಂತ ತಂದಿದ್ವಿ."

"ನಂಗೆ?" ಎಂದರು ಪಂಕಜಮ್ಮ.

"ತಪ್ಪು ತಿಳ್ಕೋಬೇಡಿ ತಾಯಿ. ನಿಮ್ಮೋರಲ್ಲಿ ಸಾವಿಗೆ ತಮಟೆ ಬಡಿಸಾಕಿಲ್ಲ ಅಂತ ನಮ್ಗೂ ಗೊತ್ತು. ಆದ್ರೆ ಬಡಿತ ಅದೇ. ಅಯ್ನೋರು ಮೈ ಮೇಲೆ ಅಂಗಿ ಇಲ್ದೆ ಅಳ್ತಾ ತಾವೇ ಬಾರಿಸ್ತಾವ್ರೆ, ನೀವು ಕಾಣಿಸ್ತಿಲ್ಲ. ಪಾಪ, ಸಂಕಟ ತಡೀದೆ ಹಿಂಗಾಗವ್ರೆ ಅಂದ್ಕೊಂಡ್ವಿ."

ಪಂಕಜಮ್ಮ ಗ್ಯಾರೇಜಿಗೆ ಕಾರು ಹತ್ತಿಸುವ ಇಳಿಜಾರಿನ ಮೇಲೆ ಕೂತರು. (ಕಾರಿಲ್ಲ, ಇಳಿಜಾರು ಮಾತ್ರ ಮುಂದಾಲೋಚನೆಯಿಂದ ಕಟ್ಟಿಸಿದ್ದು.) "ಅದನ್ನೇ ಇನ್ನೊಂದ್ಸಲ ಬಾರಿಸಿ. ನಿಧಾನಕ್ಕೆ."

ಬದರಿನಾಥರು ಬಾರಿಸಿದರು. ಡಂಡ್ ಡಕಣ, ಡಂಡ್ ಡಕಣ, ದಬ್.

"ಇದನ್ನ ನೀವೇ ಹುಟ್ಟಿಸಿದ್ರಾ?"

"ಹೂಂ. ಒಳಗಿಂದ ಬಂತು."

"ನಿಮ್ಮ ಬ್ಯಾಂಕು ಯಾವ ರೋಡಲ್ಲಿತ್ತು?"

"ಗೊತ್ತಿದ್ದೂ ಕೇಳ್ತೀಯಲ್ಲ. ಸ್ಮಶಾನದ..." ಬದರಿನಾಥರು ಕಡ್ಡಿಗಳನ್ನು ಕೆಳಗಿಟ್ಟರು. ಹತ್ತಾರು ವರ್ಷ ಅವರ ಮೇಜಿನ ಪಕ್ಕದ ಕಿಟಕಿಯ ಕೆಳಗೇ ಊರಿನ ಹೆಣಗಳೆಲ್ಲ ತಮಟೆಯೊಂದಿಗೆ ಹಾದುಹೋಗಿದ್ದವು. ಅವರು ತಲೆಯೆತ್ತದೆ ಚೆಕ್ಕುಗಳ ಮೇಲೆ ಅದೇ ಬಡಿತಕ್ಕೆ ಸರಿಯಾಗಿ ಠಸ್ಸೆ ಒತ್ತಿದ್ದರು. ಕಂಬಳಿ ತುಂಬಿ, ತಂತಿ ಸಡಿಲಿಸಿ, ಉಳಿದದ್ದನ್ನು, ಅಂದರೆ ತಮಟೆಯ ದನಿಯನ್ನು, ಪಂಕಜಮ್ಮನೇ ಒದಗಿಸಿಕೊಟ್ಟಿದ್ದರು. ಮೂರೇ ತುಂಡಿನಲ್ಲಿ ಒಂದು ಮೆರವಣಿಗೆಯನ್ನೇ ಹೊರಡಿಸುವಷ್ಟು ಕೈಯಿದೆ ಎಂದು ಬದರಿನಾಥರು ಹೆಮ್ಮೆಪಡುವ ಸ್ಥಿತಿಯಲ್ಲಿರಲಿಲ್ಲ.

ಬಂದವರು ಹಾಗೇ ಹೋಗುವಂತಿರಲಿಲ್ಲ. ಯಾರೂ ಸತ್ತಿಲ್ಲವಾದ್ದರಿಂದ ಸ್ನಾನ ಬೇಡ ಎಂದು ಕೆಲವರು. ಬಡಿತ ಕೇಳಿ ಅತ್ತಾಗಿದೆ, ಸ್ನಾನ ಮಾಡದೆ ಒಲೆ ಹಚ್ಚುವಂತಿಲ್ಲ ಎಂದು ಮುನಿಲಕ್ಷ್ಮಮ್ಮ. ಅವತ್ತು ಕಾವೇರಿ ನೀರು ಬರುವ ದಿನವಲ್ಲ. ಪಂಕಜಮ್ಮ ಸಂಪಿನ ಮುಚ್ಚಳ ತೆಗೆಸಿದರು. ಸ್ಥಳೀಯ ಪ್ರತಿಭೆ ಮಧ್ಯಾಹ್ನದವರೆಗೆ ಬೀದಿಯವರಿಗೆಲ್ಲ ಬಿಂದಿಗೆಯಲ್ಲಿ ನೀರು ಸೇದಿಕೊಟ್ಟಿತು. ಹಾರವನ್ನು ಯಾರೂ ಮನೆಗೆ ಒಯ್ಯುವಂತಿರಲಿಲ್ಲ. ಪಂಕಜಮ್ಮ ಅದನ್ನು ತೆಗೆದುಕೊಂಡು ದೊಡ್ಡ ಡ್ರಮ್ಮಿನ ಮೇಲೆ ಹಾಕಿ, ಕೈ ಮುಗಿದರು.

"ನಂಗೋಸ್ಕರ ಇಷ್ಟು ಜನ ಅತ್ರು ನೋಡಿ," ಎಂದರು, ಸ್ವಲ್ಪ ಖುಷಿಯಿಂದಲೇ.

ಹಯವದನ ರಾಯರು ಹೊರಡುವ ಮುಂಚೆ ತೀರ್ಪು ಕೊಟ್ಟರು. "ಬಹಳ ಪರಿಣಾಮಕಾರಿಯಾಗಿತ್ತು ಬದರಿನಾಥ್. ನಾನೂ ಅತ್ತೆ. ಆದ್ರೆ ರಾಜ್ಯೋತ್ಸವದ ದಿನ, ನಾಡಹಬ್ಬ... ಬೇಡ."

ಬದರಿನಾಥರು ತಲೆ ತಗ್ಗಿಸಿ ಕೂತರು. ಜನ ಚದುರಿದ ಮೇಲೂ ಪಿಳ್ಳಣ್ಣ ಮಾತ್ರ ಹೋಗಲಿಲ್ಲ. ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ.

"ಸಾಮಿ, ನಂಗ್ ತುಂಬಾ ಹಿಡಿಸ್ತು. ಒಬ್ರೇ ನಾಲ್ಕ್ ಜನದ ಬಡಿತ ಬಡಿದ್ರಲ್ಲ. ನಂದಾದಾಗ ನೀವೇ ಬಾರಿಸ್ಬೇಕು. ಮಾತ್ ಕೊಡಿ."

ಕಲಾವಿದರಾದ ಮೇಲೆ ಬಂದ ಮೊದಲ ಆಹ್ವಾನ. ಬದರಿನಾಥರಿಗೆ ಇಲ್ಲ ಎನ್ನಲು ಆಗಲಿಲ್ಲ. ಪಂಕಜಮ್ಮನಿಗೂ ಡ್ರಮ್ಮನ್ನು ಗುಜರಿಗೆ ಹಾಕಲು ಆಗಲಿಲ್ಲ. ಹಿರಿಯನಿಗೆ ಕೊಟ್ಟ ಮಾತು.

ಅಂದಿನಿಂದ ಪಂಕಜಮ್ಮ ದಿನಾ ಬೆಳಿಗ್ಗೆ ಎದುರು ಮನೆಗೆ ಒಂದು ದೊಡ್ಡ ಲೋಟ ರಾಗಿ ಗಂಜಿ, ಮೇಲೆ ಒಂದು ಚಮಚ ತುಪ್ಪ ಹಾಕಿ, ತಾವೇ ತೆಗೆದುಕೊಂಡು ಹೋಗಿ ಕೊಡುತ್ತಾರೆ. ಚಳಿಯಿದ್ದರೆ ಶುಂಠಿ ಕಷಾಯ. ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ತೋರಿಸಿದರೋ ಇಲ್ಲವೋ ಎಂದು ವಿಚಾರಿಸುತ್ತಾರೆ. ಪಿಳ್ಳಣ್ಣ ಕೆನ್ನೆ ತುಂಬಿಕೊಂಡು, ಕೋಲು ಬಿಟ್ಟು ನಡೆಯುವಂತಾಗಿದ್ದಾನೆ. ಬದರಿನಾಥರು ಹಾಲು ತರಲು ಹೊರಟಾಗ ಜಗಲಿಯಿಂದಲೇ ಗಂಜಿಯ ಲೋಟ ಎತ್ತಿ ತೋರಿಸಿ ಹೇಳುತ್ತಾನೆ:

"ಇನ್ನೂ ಟೈಮ್ ಅದೆ ಸಾಮಿ. ಪ್ರಾಕ್ಟೀಸ್ ಮಾಡ್ತಾ ಇರಿ."