ಎರಡನೆಯ ಸಲ ಕರೆಯಲು ಬಾರದ ಸಮನ್ಸು

ನನ್ನ ಹೊಲದ ದಾರಿ ಹೋದ ಸಂಗತಿಯನ್ನು ನನಗೆ ಮೊದಲು ಕಥೆಯಾಗಿ ಹೇಳಿದವರು ಮೋರಟಗಿಯ ಜೋಹರಾಬಿ, ಸಿಂದಗಿ ಬಸ್ಸಿನಲ್ಲಿ. ಕಥೆಯ ದಡ್ಡ ಯಜಮಾನ ಹಿಂದಿನ ಸೀಟಿನಲ್ಲೇ ಇದ್ದಾನೆಂದು ಆಕೆಗೆ ಗೊತ್ತಿರಲಿಲ್ಲ. ನಾನೂ ಎಲ್ಲರೊಡನೆ ನಕ್ಕೆ. ಹೆಚ್ಚುಕಡಿಮೆ ಸರಿಯಾಗಿಯೇ ಹೇಳಿದರು.

ನನ್ನ ಜೋಳದ ಹೊಲಕ್ಕಿದ್ದ ಒಂದೇ ಚಕ್ಕಡಿ ದಾರಿಗೆ ಬಾಜೂ ಹೊಲದ ಬಸಂತರಾಯರು ಮುಳ್ಳುಬೇಲಿ ಬಡಿದಿದ್ದರು. ನಾನು ಅರ್ಜಿ ಕೊಟ್ಟ ಮೇಲೆ ದಾರಿ ಇತ್ಯರ್ಥ ಕಚೇರಿಯ ಜವಾನ ಶಂಕರೆಪ್ಪ ಸಮನ್ಸು ಕೊಟ್ಟುಹೋದ: ಸೋಮವಾರ ವಿಚಾರಣೆ. ಸಮನ್ಸು ಎಂದರೇನೆಂದು ಸಾಲಿ ಮಾಸ್ತರ ಧರ್ಮರಾಜನನ್ನು ಕೇಳಿದೆ.

"ಇಂಗ್ಲಿಷರು ಫ್ರೆಂಚರಿಂದ ತಂದಿದ್ದು, ಬೇರು ಲ್ಯಾಟಿನ್‌ದಾಗ ಐತ್ರಿ ಕಾಕಾ. ಮೂಲದಾಗ ಮೆಲ್ಲಕ ನೆನಪ ಮಾಡಿಕೊಡೋದು ಅಂತ. ಈಗ ಮಾತ್ರ ಬರಲೇಬೇಕು ಅಂತ."

ಹಳೆಯ ಅರ್ಥವೇ ನನಗೆ ಹಿಡಿಸಿತು. ನಮ್ಮಲ್ಲಿ ಮದುವೆಯಿರಲಿ, ಜಂಗಮ ಐನಾರಿಗೆ ಊಟದ ಬಿನ್ನಹವಿರಲಿ, ಮೊದಲು ಹೇಳಿಹೋಗುತ್ತಾರೆ. ಅಡಿಗೆ ಸಿದ್ಧವಾದ ಮೇಲೆ ಮತ್ತೆ ಮನೆಗೆ ಬಂದು ಎಬ್ಬಿಸಿಕೊಂಡು ಹೋಗುತ್ತಾರೆ. ಒಂದೇ ಕರೆಗೆ ಎದ್ದುಹೋಗುವವನನ್ನು ಉಣ್ಣಲು ಗತಿಯಿಲ್ಲದವನೆನ್ನುತ್ತಾರೆ. ಹೀಗಾಗಿ ಸೋಮವಾರ ಲಿಂಗಪೂಜೆ ಮುಗಿಸಿ, ರುಮಾಲು ಸುತ್ತಿ, ಕಟ್ಟೆಯ ಮೇಲೆ ಕುಳಿತೆ.

"ಏಳ್ರಿ, ದಾರಿ ಹೋದ್ರ ಜೋಳದ ರಾಶಿ ಹೆಂಗ ಮನಿಗೆ ತರ್ತೀರಿ?" ಎಂದಳು ಹೆಂಡತಿ ಸುವರ್ಣಾ.

"ಕರಿಯಾಕ ಬರ್ಲಿ ತಡಿ."

"ಸರಕಾರ ನಿಮ್ಮ ಬೀಗರೇನ್ರಿ?"

ಬಸಂತರಾಯರು ಒಂದೇ ಕರೆಗೆ ಹೋದರು, ಅದೂ ಹೊತ್ತಿಗೆ ಮೊದಲೇ. ಅವರೊಬ್ಬರ ಮಾತಿನಲ್ಲೇ ವಿಚಾರಣೆ ಮುಗಿಯಿತು.

ಮರುದಿನ ಕಚೇರಿಗೆ ಹೋಗಿ, ಆದ ಲೋಪವನ್ನು ಅಧಿಕಾರಿ ಸುಮಂಗಲಾ ಅವರ ಗಮನಕ್ಕೆ ತಂದೆ. "ಎರಡನೇ ಸಲ ಯಾರೂ ಕರಿಯಾಕ ಬರಲಿಲ್ರಿ, ಬಾಯಾರ."

"ಖರೇ ಐತ್ರಿ ಯಜಮಾನ್ರ," ಎಂದು ಅವರು ಗಂಭೀರವಾಗಿ ಬರೆದುಕೊಂಡರು. "ಮಂದಿ ಯಾಕ ಗೈರುಹಾಜರ್ ಆಗ್ತಾರಂತ ಈಗ ತಿಳೀತು."

ಕೆಲವೇ ದಿನಗಳಲ್ಲಿ ಪ್ರಕಟಣೆ ಹೊರಟಿತು: "ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿಯ ಸಮಸ್ತ ಕಕ್ಷಿದಾರರಿಗೆ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ಸಮನ್ಸನ್ನು ಎರಡು ಬಾರಿ ಜಾರಿ ಮಾಡತಕ್ಕದ್ದು. ಎರಡನೆಯದನ್ನು, ಸ್ಥಳೀಯ ಪದ್ಧತಿಯಂತೆ, ತೀರ್ಪು ಸಿದ್ಧವಾದ ಮೇಲೆ. ಕರೆಯಲು ಬಂದ ಸಿಬ್ಬಂದಿಗೆ ಚಹಾ, ಚೂಡಾ ಕಡ್ಡಾಯ."

ಮೊದಲ ಗೌರವ ನನಗೇ ಸಂದಿತು. ಶಂಕರೆಪ್ಪ ತಾಟು ಖಾಲಿ ಮಾಡಿ, ಬಾಯಿ ಒರೆಸಿಕೊಂಡು, "ಏಳ್ರಿ ಯಪ್ಪಾ, ತೀರ್ಪು ಸಿದ್ಧ ಐತಿ" ಎಂದ. ಹೋದೆ. ದಾರಿ ನನ್ನದಲ್ಲವೆಂದು ಓದುವಾಗ ಇಡೀ ಕಚೇರಿ ಎದ್ದು ನಿಂತಿತ್ತು, ಬಸಂತರಾಯರೂ ಸಹ. ದಾರಿ ಇದ್ದಾಗ ಇಂಥ ಮರ್ಯಾದೆ ನನಗೆ ಎಂದೂ ಸಿಕ್ಕಿರಲಿಲ್ಲ. ಕೈಮುಗಿದು ಬಂದೆ.

ಈಗ ಜೋಳದ ಚೀಲ ಹೊತ್ತು ಹಳ್ಳ ದಾಟುತ್ತೇನೆ. ಚಕ್ಕಡಿಯ ಮೇಲೆ ಸುವರ್ಣಾ ಕುರುಡಿಗೆ, ಸಂಡಿಗೆ ಒಣಹಾಕುತ್ತಾಳೆ. ಓದಿದವರು ದಯಮಾಡಿ ಇದನ್ನು ನಾಲ್ಕು ಮಂದಿಗೆ ಹೇಳಿರಿ. ಒಮ್ಮೆ ಹೇಳಿ ಸುಮ್ಮನಾಗಬೇಡಿರಿ. ನಮ್ಮವರು ಎರಡನೆಯ ಸಲ ಹೇಳಲೆಂದು ರುಮಾಲು ಸುತ್ತಿ ಕಟ್ಟೆಯ ಮೇಲೆ ಕುಳಿತಿರುತ್ತಾರೆ.