ಕೈಗೆ ಬಂದ ಚಿಪ್ಪು

“ಕೈ ಅಂದ್ರೆ ಕೈ ಅಲ್ದೆ ಇನ್ನೇನು?”

ಬಂದರಿನ ಬೀದಿಯ ಖಾಲಿ ಮಳಿಗೆಯಲ್ಲಿ ನಿಂತು ದರ್ಜಿ ಗೋಡೆಯನ್ನು ಕೇಳಿದ. ಗೋಡೆ ಉತ್ತರಿಸಲಿಲ್ಲ. ಆ ಬೀದಿಯಲ್ಲಿ ಬಾಯಿ ಮುಚ್ಚಿಕೊಂಡಿದ್ದದ್ದು ಅದೊಂದೇ.

ಅಡಿಗೆಮನೆಯ ಮೂಲೆಯಲ್ಲಿ ಹೊಲಿದು ಹೊಲಿದು ಅವನ ಅರ್ಧ ಆಯುಸ್ಸು ಸವೆದಿತ್ತು. “ಈ ಮಷೀನು ಇವತ್ತು ಹೊಸ್ತಿಲು ದಾಟಿದ್ರೆ ಮತ್ತೆ ಒಳಗೆ ಬರಕೂಡದು. ಊಟದಲ್ಲಿ ದಾರ ತಿಂದು ಸಾಕಾಗಿದೆ” ಎಂದು ಹೆಂಡತಿ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು. ಮಳಿಗೆಯ ಯಜಮಾನರು ಇನ್ನೂ ಜಾಗ ಕೊಟ್ಟಿರಲಿಲ್ಲ. “ಸಂಜೆ ಬಂದು ಬೋರ್ಡು ನೋಡಿ ಹೇಳ್ತೀನಿ. ಯಾವ ಅಂಗಡಿಯಾದ್ರೂ ಸರಿ, ಹೋಟೆಲ್ ಬೇಡ. ಹೊಗೆ ನನಗಾಗಲ್ಲ” ಎಂದಿದ್ದರು.

ಬೋರ್ಡು ಚಿಕ್ಕದು. ಕೈಕೆಲಸದವನ ಅಂಗಡಿಗೆ ‘ಕೈ’ ಎಂಬ ಒಂದಕ್ಷರ ಸಾಕೆಂದು ದರ್ಜಿ ಬರೆಸಿದ್ದ. ಪೇಂಟರಿಗೆ ಎರಡು ವ್ರತ. ಓದು ಬಾರದವರಿಗಾಗಿ ಹೆಸರಿನ ಕೆಳಗೆ ಅದರ ಅರ್ಥದ ಚಿತ್ರ ಬರೆಯದೆ ಏಣಿ ಇಳಿಯುತ್ತಿರಲಿಲ್ಲ. ಒಮ್ಮೆ ಬರೆದದ್ದನ್ನು ಪ್ರಾಣ ಹೋದರೂ ಅಳಿಸುತ್ತಿರಲಿಲ್ಲ.

ಪೇಂಟರ್ ಚಿತ್ರಕ್ಕೆ ಕುಂಚ ಅದ್ದಿದ ಹೊತ್ತಿಗೆ ಹಡಗುಮಾವ ಬಂದ. ಹಡಗುಗಳಲ್ಲಿ ಅಡಿಗೆ ಮಾಡಿ ನಿವೃತ್ತನಾದವನು. ಹತ್ತೂರಿನ ಮಾತು ಅವನ ನಾಲಗೆಗೆ ಸಾಸಿವೆಯ ಹಾಗೆ ಅಂಟಿತ್ತು.

“ಕೈ ಚಿತ್ರ ಬರೀಬೇಡಪ್ಪಾ. ಇಲ್ಲಿ ಬರೋರೆಲ್ಲ ಹಡಗಿನಿಂದ ಇಳಿದವರು. ಹವಾಯಿಯವರಿಗೆ ಕೈ ಅಂದ್ರೆ ಸಮುದ್ರ.”

ದರ್ಜಿ ಬಾಯಿ ತೆರೆಯುವಷ್ಟರಲ್ಲಿ ಬೋರ್ಡಿನ ಮೇಲೆ ಅಲೆ ಎದ್ದಿತ್ತು.

ಪಕ್ಕದ ಇಸ್ತ್ರಿ ಅಂಗಡಿಯ ಅಕ್ಕ ಸೊಂಟಕ್ಕೆ ಕೈಯಿಟ್ಟು ಬಂದಳು. “ಬರೀ ನೀರು ಕಂಡ್ರೆ ಬಟ್ಟೆ ಒಗೆಯೋ ಅಂಗಡಿ ಅಂದ್ಕೋತಾರೆ. ನನ್ನ ಹೊಟ್ಟೆ ಮೇಲೆ ಯಾಕಣ್ಣ ಹೊಡೀತೀಯ? ಮಾವಾ, ಬೇರೆ ಅರ್ಥ ಇಲ್ವಾ?”

“ಇಲ್ದೇ ಏನು? ಜಪಾನಿನವರಿಗೆ ಕೈ ಅಂದ್ರೆ ಚಿಪ್ಪು.”

ಅಲೆಯ ನಡುವೆ ಚಿಪ್ಪೊಂದು ಬಾಯಿ ತೆರೆಯಿತು. ಅಕ್ಕ ಅದನ್ನೂ ದರ್ಜಿಯನ್ನೂ ನೋಡಿದಳು. “ಅಂಗಡಿ ಇಡೋ ದಿನವೇ ಕೈಗೆ ಚಿಪ್ಪಾ? ಲಕ್ಷಣ ಅಲ್ಲ. ಖಾಲಿ ಬಿಡಬೇಡಿ, ಏನಾದ್ರೂ ತುಂಬಿಸಿ.”

“ನ್ಯೂಜಿಲೆಂಡಿನ ಮಾವೊರಿಗಳಿಗೆ ಕೈ ಅಂದ್ರೆ ಊಟ” ಎಂದ ಹಡಗುಮಾವ, ಪದ್ಯಕ್ಕೆ ಕೊನೆಯ ಪ್ರಾಸ ಕೂಡಿಸಿದವನ ನೆಮ್ಮದಿಯಲ್ಲಿ.

ಪೇಂಟರ್ ಚಿಪ್ಪಿನ ತುಂಬ ಊಟ ಬಡಿಸಿದ. ಆರಿದ ಊಟ ಅನ್ನಬಾರದಲ್ಲ ಎಂದು ಮೇಲೆ ಹಬೆಯನ್ನೂ ಎಬ್ಬಿಸಿದ.

“ಕೈ ಎಲ್ಲಣ್ಣ?” ಎಂದ ದರ್ಜಿ.

“ಜಾಗ ಉಳೀಲಿಲ್ಲ.”

“ಆ ಹಬೆ ಒಂದನ್ನ ಅಳಿಸು. ಯಜಮಾನ್ರು ಹೊಗೆ ಅಂತಾರೆ.”

“ಬರೆದದ್ದು ಬರೆದದ್ದು” ಎಂದು ಪೇಂಟರ್ ಏಣಿ ಹೆಗಲಿಗೇರಿಸಿ ಹೊರಟ.

ಸಂಜೆ ಹಡಗು ಬಂತು. ಇಳಿದವರು ಬೋರ್ಡು ನೋಡಿದರು, ಮೂಗರಳಿಸಿದರು, ಒಳಗೆ ಬಂದು ಕೂತರು. ಒಬ್ಬ ಕತ್ತರಿಸುವ ಮೇಜಿನ ಮೇಲೆ, ಒಬ್ಬ ಬಟ್ಟೆಯ ಗಂಟಿನ ಮೇಲೆ. ಒಬ್ಬನ ಸುತ್ತಳತೆ ತೆಗೆಯಲು ದರ್ಜಿ ಟೇಪು ಹಿಡಿದರೆ ಅವನು ಅದನ್ನು ಕುತ್ತಿಗೆಗೆ ಸಿಕ್ಕಿಸಿಕೊಂಡು ಊಟಕ್ಕೆ ಕಾದ.

ಅಷ್ಟರಲ್ಲಿ ಯಜಮಾನರು ಬಂದರು. ಬೋರ್ಡನ್ನು ನೋಡಿದರು. ಕೂತವರನ್ನು ನೋಡಿದರು. ಮತ್ತೆ ಬೋರ್ಡನ್ನು ನೋಡಿದರು.

“ಹೋಟೆಲಲ್ಲ ಸ್ವಾಮಿ” ಎಂದ ದರ್ಜಿ. “ಹೊಲಿಯೋ ಕೈ.”

“ಇರಲಿ ಬಿಡಯ್ಯ. ನನ್ನ ಅಳಿಯ ಮೂರು ಹೊತ್ತೂ ಉಂಡು ಮಲಗಿರ್ತಾನೆ. ಅವನಿಗೆ ಒಗ್ಗೋ ಕೆಲಸ ಯಾವುದು ಅಂತ ಇಷ್ಟು ದಿನ ಹೊಳೆದಿರಲಿಲ್ಲ. ಬೋರ್ಡೂ ಆಗಿದೆ, ಗಿರಾಕಿನೂ ಕೂತಿದ್ದಾರೆ. ಅವನೇ ಇಲ್ಲಿ ಹೋಟೆಲ್ ನಡೆಸ್ಲಿ.”

“ಹೊಗೆ ಆಗಲ್ಲ ಅಂದಿದ್ರಿ.”

“ಮಗಳ ಗೋಳಿಗಿಂತ ಹೊಗೆ ವಾಸಿ.”

ದರ್ಜಿ ಕೈಮುಗಿದ. “ಒಂದು ಮೂಲೆಯಾದ್ರೂ ಕೊಡಿ ಸ್ವಾಮಿ. ಮಷೀನು ಇಟ್ಕೋತೀನಿ. ಮನೆಗೆ ತಗೊಂಡು ಹೋಗೋ ಹಾಗಿಲ್ಲ.”

ಯಜಮಾನರು ಮಷೀನನ್ನೂ ಅದರ ಸುತ್ತ ಉದುರಿದ ಎಳೆಗಳನ್ನೂ ನೋಡಿದರು.

“ಊಟದಲ್ಲಿ ದಾರ ಬೀಳುತ್ತೆ. ಕೊಡೋದಿಲ್ಲ.”